ವಿಡಿಯೊ ಪಾಠ ಅರ್ಥವಾಗುತ್ತದೆ, ಲೆಕ್ಕಕ್ಕೆ ಕೂತರೆ ಕೈ ಓಡುವುದಿಲ್ಲ: ಎಲೆಕ್ಟ್ರಾನಿಕ್ಸ್ ಕಲಿಯುವ ಕ್ರಮ ಹೇಗೆ?

ಡೊಂಬಿವಲಿ ಪೂರ್ವ (ಪ್ರಶ್ನೆ)

ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಆಗಿದೆ, ಕೆಲಸ ಕಾರ್ಖಾನೆಯ ಮೆಂಟೆನೆನ್ಸ್‌ನಲ್ಲಿ. ಪ್ಯಾನೆಲ್, ಕಾಂಟ್ಯಾಕ್ಟರ್, ಮೋಟಾರ್ ಎಲ್ಲ ಕೈಗೆ ಹತ್ತಿದೆ. ಕಂಟ್ರೋಲ್ ಕಾರ್ಡ್ ಕೆಟ್ಟರೆ ಮಾತ್ರ ಹೊರಗೆ ಕಳಿಸಬೇಕಾಗುತ್ತದೆ. ಅದಕ್ಕೇ ಅನಲಾಗ್ ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟಿದ್ದೇನೆ. ಎನ್‌ಪಿಟಿಇಎಲ್‌ನ (ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ ತಾಣ) ಒಂದು ಕೋರ್ಸಿನಲ್ಲಿ 18 ಪಾಠ ಮುಗಿದಿವೆ. ನೋಡುವಾಗ ಎಲ್ಲ ಸರಿಯಾಗಿಯೇ ತಿಳಿಯುತ್ತದೆ, ವಾರದ ಅಸೈನ್‌ಮೆಂಟ್ ತೆರೆದರೆ ಮೊದಲ ಸಾಲೇ ಬರೆಯಲಾಗುವುದಿಲ್ಲ.

ಮೂರು ವಿಷಯ ಕೇಳಬೇಕು. ಪಾಠವನ್ನು ಹೇಗೆ ನೋಡಿದರೆ ಲೆಕ್ಕ ಬರುತ್ತದೆ? ಇಂಗ್ಲಿಷ್ ಓಟ ಹಿಡಿಯುವುದು ಕಷ್ಟ, ಕನ್ನಡದಲ್ಲಿ ಏನಾದರೂ ಇದೆಯೇ? ಲೋಕಲ್ ರೈಲಿನಲ್ಲಿ ದಿನಕ್ಕೆ ಎರಡು ಗಂಟೆ ಹೋಗುತ್ತದೆ, ಕಿವಿ ಮಾತ್ರ ಖಾಲಿ. ಆಗ ವಿಜ್ಞಾನಿಗಳ ಸಂದರ್ಶನ ಕೇಳಿದರೆ ಪ್ರಯೋಜನ ಉಂಟೇ?

ಪಾಷಾಣ್, ಪುಣೆ

ಮೊದಲು ಒಂದು ಲೆಕ್ಕ. ಕಾಗದದ ಮೇಲೆ ಮಾಡಿ, ಆಮೇಲೆ ಕೆಳಗೆ ಓದಿ. 12 ವೋಲ್ಟ್ ಸಪ್ಲೈಗೆ 10 ಕಿಲೋ ಓಮ್‌ನ ಎರಡು ರೆಸಿಸ್ಟರ್ ಸೀರೀಸ್‌ನಲ್ಲಿವೆ. ನಡುವಿನ ಬಿಂದುವಿನಿಂದ ಗ್ರೌಂಡಿಗೆ ಅಳೆದರೆ 6 ವೋಲ್ಟ್. ಅದೇ ಬಿಂದುವಿನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋ ಓಮ್ ಲೋಡ್ ಸೇರಿಸಿದರೆ ಎಷ್ಟು?

ಉತ್ತರ 4 ವೋಲ್ಟ್. ಕೆಳಗಿನ ರೆಸಿಸ್ಟರೂ ಲೋಡೂ ಪ್ಯಾರಲಲ್ ಆಗಿ 5 ಕಿಲೋ ಓಮ್. ಮೇಲಿನ 10 ಸೇರಿ ಒಟ್ಟು 15. 12 ವೋಲ್ಟಿನಲ್ಲಿ 15ಕ್ಕೆ 5ರ ಪಾಲು 4. ಇದೇ ಲೆಕ್ಕವನ್ನು ಥೆವೆನಿನ್ ಕ್ರಮದಲ್ಲೂ (ಇಡೀ ಸರ್ಕ್ಯೂಟನ್ನು ಒಂದು ಮೂಲ, ಒಂದು ರೆಸಿಸ್ಟರ್ ಎಂದು ಕಾಣುವುದು) ಮಾಡಿ: 6 ವೋಲ್ಟಿನ ಮೂಲ, ಅದರ ಒಳಗೆ 5 ಕಿಲೋ ಓಮ್, ಹೊರಗೆ 10. ಮತ್ತೆ 4 ಬರಬೇಕು. ಎರಡು ದಾರಿಯಲ್ಲೂ ಸರಾಗವಾಗಿ ಬರದಿದ್ದರೆ ಸದ್ಯಕ್ಕೆ ಆ 18 ಪಾಠ ಬದಿಗಿಡಿ. ಟ್ರಾನ್ಸಿಸ್ಟರ್ ಬಯಾಸಿಂಗ್ (ಅದು ಕೆಲಸ ಮಾಡಲು ಬೇಕಾದ ವೋಲ್ಟೇಜ್, ಕರೆಂಟ್ ಹೊಂದಿಸುವುದು) ಅಂದರೆ ಮುಕ್ಕಾಲು ಪಾಲು ವೋಲ್ಟೇಜ್ ಹಂಚುವ ಇದೇ ಡಿವೈಡರ್. ತಳ ಅಲುಗಾಡುತ್ತಿರುವಾಗ ಆಪ್-ಆಂಪ್ (ವೋಲ್ಟೇಜ್ ವರ್ಧಿಸುವ ಐಸಿ) ಪಾಠ ಎಷ್ಟು ನೋಡಿದರೂ ನಿಲ್ಲದು. ಓಮ್‌ನ ನಿಯಮ, ಕಿರ್ಕಾಫ್ ನಿಯಮಗಳು, ಥೆವೆನಿನ್, ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಸರ್ಕ್ಯೂಟ್, ಡಯೋಡ್, ಟ್ರಾನ್ಸಿಸ್ಟರ್, ಆಮೇಲೆ ಆಪ್-ಆಂಪ್: ಈ ಸರಣಿ ಮುರಿಯಬೇಡಿ.

ಈಗ ನೋಡುವ ಕ್ರಮ. ನೋಡುವಾಗ ತಿಳಿದದ್ದು ಬರೆಯುವಾಗ ಏಕೆ ಕೈಕೊಡುತ್ತದೆ ಅಂದರೆ, ಮೇಷ್ಟ್ರು ಬೋರ್ಡಿಗೆ ಬರುವ ಮೊದಲೇ ತಪ್ಪು ದಾರಿಗಳನ್ನೆಲ್ಲ ತೆಗೆದುಹಾಕಿರುತ್ತಾರೆ. ಎಲ್ಲಿ ಗ್ರೌಂಡ್ ಇಡಬೇಕು, ಯಾವ ಲೂಪ್ ಮೊದಲು, ಯಾವುದನ್ನು ಸೊನ್ನೆ ಎಂದು ಬಿಡಬಹುದು, ಈ ತೀರ್ಮಾನಗಳೇ ಲೆಕ್ಕದ ಮುಕ್ಕಾಲು ಕೆಲಸ. ಅದನ್ನು ನಿಮ್ಮ ಬದಲು ಅವರು ಮಾಡಿಬಿಟ್ಟಿದ್ದಾರೆ. ಅದನ್ನು ವಾಪಸ್ ನಿಮ್ಮ ಕೈಗೆ ತಂದುಕೊಳ್ಳಬೇಕು.

ಬೋರ್ಡಿನ ಮೇಲೆ ಸರ್ಕ್ಯೂಟ್ ಬರೆದು ಪ್ರಶ್ನೆ ಹೇಳಿದ ಕ್ಷಣ ವಿಡಿಯೊ ನಿಲ್ಲಿಸಿ. 8–10 ನಿಮಿಷ ನೀವೇ ಪ್ರಯತ್ನಿಸಿ. ಬರದಿದ್ದರೆ ಎಲ್ಲಿ ನಿಂತಿತು ಎಂದು ಒಂದು ಸಾಲು ಬರೆಯಿರಿ: "ಬೇಸ್ ಕರೆಂಟ್ ಬಿಡಬಹುದೋ ಇಲ್ಲವೋ ಗೊತ್ತಾಗಲಿಲ್ಲ" ಎಂಬಷ್ಟು ನಿಖರವಾಗಿ. ಆಮೇಲೆ ಪ್ಲೇ ಒತ್ತಿ. ಈಗ ನಿಮ್ಮ ಕಿವಿ ಆ ಒಂದು ಮಾತಿಗೇ ಕಾದಿರುತ್ತದೆ. ಪಾಠ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಖಾಲಿ ಹಾಳೆಯಲ್ಲಿ ಸರ್ಕ್ಯೂಟ್ ಬರೆದು ಉತ್ತರದವರೆಗೆ ಹೋಗಿ. ಮರುದಿನ ಓಮ್, ವೋಲ್ಟ್ ಅಂಕಿಗಳನ್ನು ಬದಲಿಸಿ ಅದೇ ಲೆಕ್ಕ. 50 ನಿಮಿಷದ ಪಾಠಕ್ಕೆ ಹೀಗೆ ಎರಡೂವರೆ ಗಂಟೆ ಹಿಡಿಯುತ್ತದೆ. ವಾರಕ್ಕೆ ಎರಡು ಪಾಠ ಸಾಕು. ಹತ್ತು ಪಾಠ ನೋಡುವ ಹಂಬಲ ಬಿಡಿ, ದಯವಿಟ್ಟು.

ಅಂಕದ ವಿಚಾರ: ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಲೆಕ್ಕಕ್ಕೆ, 8 ವಾರದ್ದಕ್ಕೆ 6. ಸರ್ಟಿಫಿಕೇಟ್ ಬೇಕಾದರೆ 25ಕ್ಕೆ 10, 75ಕ್ಕೆ 30 ಎರಡೂ ದಾಟಬೇಕು. ಕಲಿಯುವುದಕ್ಕೆ ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ. ಮೊದಲ ಸುತ್ತಿನಲ್ಲಿ ಪರೀಕ್ಷೆಗೆ ಹೆಸರು ಕೊಡದೆ ಕಲಿಯಿರಿ. ವಾರದ ಗಡುವಿಗೆ ಹೆದರಿ ಉತ್ತರ ಊಹಿಸುವ ಚಾಳಿ ಬೀಳುವುದು ಬೇಡ.

ಪೊವಾಯಿ

ಭಾಷೆಯ ಪ್ರಶ್ನೆಗೆ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠ ಕನ್ನಡದಲ್ಲಿ ಬರಹವಾಗಿ ಸಿಗುತ್ತದೆ, ಕೋರ್ಸಿನ ಪುಟದ ಡೌನ್‌ಲೋಡ್ ಭಾಗದಲ್ಲಿ ಹುಡುಕಿ. ಅದನ್ನು ಪಾಠಕ್ಕಿಂತ ಮೊದಲೇ ಒಮ್ಮೆ ಓದಿಕೊಂಡರೆ ಇಂಗ್ಲಿಷ್ ಮಾತು ಅರ್ಧ ಹಗುರವಾಗುತ್ತದೆ. ಕಂಪ್ಯೂಟರ್ ಕೌಶಲಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಸುಮಾರು 10 ನಿಮಿಷದ ತುಣುಕುಗಳು. ಲಿಬ್ರೆಆಫೀಸ್, ಲಿನಕ್ಸ್‌ನಂಥವಕ್ಕೆ ಕನ್ನಡ ಧ್ವನಿಯೂ ಇದೆ. ಧ್ವನಿ ಕನ್ನಡ, ಪರದೆ ಇಂಗ್ಲಿಷ್. ಅದೇ ಸರಿ ಕೂಡ, ಕೆಲಸದಲ್ಲಿ ಕಾಣುವ ಮೆನು ಇಂಗ್ಲಿಷೇ ತಾನೇ.

ಸ್ಪೋಕನ್ ಟ್ಯುಟೋರಿಯಲ್‌ನವರು ಹೇಳುವ ಪಕ್ಕ-ಪಕ್ಕದ ಕ್ರಮ ಬಿಡಬೇಡಿ: ಪರದೆಯ ಎಡಕ್ಕೆ ಸಣ್ಣದಾಗಿ ವಿಡಿಯೊ, ಬಲಕ್ಕೆ ತಂತ್ರಾಂಶ. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ. ಸಾಮಾನ್ಯವಾಗಿ ಎಡವುವುದು ಆವೃತ್ತಿಯಲ್ಲಿ. ವಿಡಿಯೊದಲ್ಲಿ ಹಳೆಯ ಆವೃತ್ತಿ, ನಿಮ್ಮಲ್ಲಿ ಹೊಸದು, ಮೆನುವಿನ ಜಾಗ ಬದಲಾಗಿರುತ್ತದೆ. ಹೆಸರು ಹುಡುಕಿ, ಜಾಗ ಹುಡುಕಬೇಡಿ. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಶನ್ನಿಗೆ ಐಐಟಿ ಬಾಂಬೆಯದೇ ಇ-ಸಿಮ್ ತಂತ್ರಾಂಶ ಉಚಿತವಾಗಿದೆ. ಒಳಗೆ ಎನ್‌ಜಿಸ್ಪೈಸ್ ಎಂಬ ಇನ್ನೊಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಗ್ರೌಂಡ್ ಚಿಹ್ನೆ ಹಾಕದೆ ಓಡಿಸಿದರೆ ಎರರ್ ಬರುತ್ತದೆ, ಹೊಸಬರಿಗೆ ಆಗುವುದು ಇದೇ.

ತಾನಾಗಿ ಬರುವ ಸಬ್‌ಟೈಟಲ್ ನಂಬಿ ಅಂಕಿ ಬರೆದುಕೊಳ್ಳಬೇಡಿ. ಪಾರಿಭಾಷಿಕ ಪದಗಳಲ್ಲೂ ಯೂನಿಟ್‌ಗಳಲ್ಲೂ ಅದು ಎಡವುತ್ತದೆ. ಮಿಲಿ ಮೆಗಾ ಆದರೆ 100 ಕೋಟಿ ಪಟ್ಟು ವ್ಯತ್ಯಾಸ. ಅಂಕಿ ಯಾವತ್ತೂ ಬೋರ್ಡ್ ನೋಡಿಯೇ.

ವೇಗ: ವಿವರಣೆ ನಡೆಯುವಾಗ 1.25, ಸೂತ್ರ ಬಿಡಿಸುವಾಗ 1, ಉಚ್ಚಾರ ಹಿಡಿಯದಿದ್ದರೆ 0.75. ಡೇಟಾ: ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ಗಂಟೆಗೆ 450 ಎಂಬಿ. ಮನೆಯ ವೈಫೈನಲ್ಲಿ ರಾತ್ರಿಯೇ ಆಫ್‌ಲೈನ್ ಇಳಿಸಿಕೊಳ್ಳಿ.

ವಾಸ್ಕೊ, ಗೋವಾ

ಪಾಷಾಣ್‌ನವರು ಹೇಳಿದ ಕಾಗದದ ಜೊತೆಗೆ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಒಂದು ಇರಲೇಬೇಕು. ಮೆಂಟೆನೆನ್ಸ್‌ನವರ ಕೈಗೆ ಅದು ಬೇಗ ಒಲಿಯುತ್ತದೆ. ಬಿಡಿಭಾಗ ಕೊಳ್ಳಲು ನಿಮಗೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರೋಡ್ ಹತ್ತಿರ, ಪುಣೆಯವರಿಗೆ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಬಳಿಯ ಅಂಗಡಿಗಳು. ಡಿಜಿಟಲ್ ಮೀಟರ್, 9 ವೋಲ್ಟ್ ಬ್ಯಾಟರಿ, 100 ಕಿಲೋ ಓಮ್ ರೆಸಿಸ್ಟರ್, 25 ವೋಲ್ಟಿನ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತನ್ನಿ.

ರೆಸಿಸ್ಟರ್ ಮೂಲಕ ಕೆಪಾಸಿಟರ್ ಚಾರ್ಜ್ ಮಾಡಿ, ಕೆಪಾಸಿಟರಿನ ಎರಡು ಕಾಲುಗಳ ನಡುವೆ ಮೀಟರ್ ಇಡಿ. ರೆಸಿಸ್ಟೆನ್ಸ್ (ಆರ್) ಗುಣಿಸು ಕೆಪಾಸಿಟೆನ್ಸ್ (ಸಿ) ಅಂದರೆ 10 ಸೆಕೆಂಡ್. ಪಾಠದ ಪ್ರಕಾರ 10 ಸೆಕೆಂಡಿಗೆ ಬ್ಯಾಟರಿಯ 63 ಪ್ರತಿಶತ, ಅಂದರೆ 5.7 ವೋಲ್ಟ್, 20ಕ್ಕೆ 7.8, 30ಕ್ಕೆ 8.55. ಫೋನಿನ ಸ್ಟಾಪ್‌ವಾಚ್ ಹಿಡಿದು 5 ಸೆಕೆಂಡಿಗೊಮ್ಮೆ ಬರೆದು ಗ್ರಾಫ್ ಹಾಕಿ. 10 ಕಿಲೋ ಓಮ್ ಬೇಡ, ಒಂದೇ ಸೆಕೆಂಡಿನಲ್ಲಿ ಏರಿಬಿಡುತ್ತದೆ, ಮೀಟರಿನ ಅಂಕಿ ಅಷ್ಟು ಬೇಗ ಬದಲಾಗದು.

ಪಟ್ಟಿ ಇರುವ ಕಾಲು ಮೈನಸ್‌ಗೆ. ತಿರುಗಿಸಿ ಹಾಕಿದರೆ ಒಳಗಿನ ಆಕ್ಸೈಡ್ ಪದರ ಹಾಳಾಗಿ ಬಿಸಿಯಾಗುತ್ತದೆ, ಉಬ್ಬಿ ಒಡೆಯಲೂಬಹುದು. ಪ್ರತಿ ಸಲ ಶುರು ಮಾಡುವ ಮೊದಲು 1 ಕಿಲೋ ಓಮ್ ಅಡ್ಡ ಹಿಡಿದು ಡಿಸ್ಚಾರ್ಜ್ ಮಾಡಿ, ಇಲ್ಲವಾದರೆ ಸೊನ್ನೆಯಿಂದ ಶುರುವಾಗುವುದಿಲ್ಲ. ಈ ಕೆಪಾಸಿಟರುಗಳು ಪ್ಲಸ್-ಮೈನಸ್ 20 ಪ್ರತಿಶತ ತಪ್ಪಬಹುದು, ಆದ್ದರಿಂದ 10 ಸೆಕೆಂಡಿನ ಬದಲು 8 ಬಂದರೂ 12 ಬಂದರೂ ಗಾಬರಿ ಬೇಡ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬ್ರೆಡ್‌ಬೋರ್ಡಿನ ಕ್ಲಿಪ್‌ಗಳು ಕಿಲುಬು ಹಿಡಿದು ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಸಿಲಿಕಾ ಜೆಲ್ ಪುಟ್ಟ ಚೀಲ ಹಾಕಿ ಮುಚ್ಚಿದ ಡಬ್ಬದಲ್ಲಿಡಿ.

ಚೆಂಬೂರು

ರೈಲಿನ ಎರಡು ಗಂಟೆಗೆ ಸಂದರ್ಶನ ಒಳ್ಳೆಯದೇ. ಆದರೆ ಅದರಿಂದ ಲೆಕ್ಕ ಬರುತ್ತದೆಂದು ಕಾಯಬೇಡಿ. ಪ್ರಶ್ನೆ ಹೇಗೆ ಕೇಳಬೇಕು ಎಂಬುದು ಅದರಿಂದ ಬರುತ್ತದೆ. 1983ರಲ್ಲಿ ಬಿಬಿಸಿಗಾಗಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಾತಾಡಿದ್ದು ನೋಡಿ. ಎರಡು ಅಯಸ್ಕಾಂತ ಯಾಕೆ ದೂಡುತ್ತವೆ ಎಂದು ಕೇಳಿದವರಿಗೆ ಅವರು ನೇರ ಉತ್ತರ ಕೊಡುವುದಿಲ್ಲ. "ಯಾಕೆ" ಎನ್ನುವವನು ಯಾವುದನ್ನು ಮೊದಲೇ ಒಪ್ಪಿಕೊಂಡಿದ್ದಾನೆ ಎಂಬುದನ್ನು ಬಿಡಿಸುತ್ತ ಹೋಗುತ್ತಾರೆ. ಕೆಟ್ಟ ಕಾರ್ಡ್ ಮುಂದೆ ಕೂತವರಿಗೂ ಅದು ಬೇಕು.

ಇನ್ನೊಂದು ಅಭ್ಯಾಸ: ಸಂದರ್ಶನದಲ್ಲಿ ಅಂಕಿ ಬಂದಾಗಲೆಲ್ಲ ಯೂನಿಟ್ ಸಮೇತ ಬರೆದುಕೊಂಡು, "ಎಲ್ಲಿಂದ ಎಲ್ಲಿಗೆ ಅಳೆದದ್ದು?" ಎಂದು ಕೇಳಿಕೊಳ್ಳಿ. 2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಲೇಸರ್ 2.05 ಮೆಗಾಜೂಲ್ ಹಾಕಿದಾಗ ಪರಮಾಣು ಬೀಜಗಳ ಸಮ್ಮಿಳನದಿಂದ (ಫ್ಯೂಷನ್) 3.15 ಮೆಗಾಜೂಲ್ ಬಂತು. ಹಾಕಿದ್ದಕ್ಕಿಂತ ಹೆಚ್ಚು ಬಂತೆಂಬುದು ನಿಜ. ಆದರೆ ಆ ಲೇಸರ್ ಓಡಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಗುರಿಗೆ ತಲುಪಿದ ಶಕ್ತಿಯಿಂದ ಅಳೆದರೆ ಲಾಭ, ಗೋಡೆಯ ಪ್ಲಗ್ಗಿನಿಂದ ಅಳೆದರೆ ನೂರಕ್ಕೆ ಒಂದು. ಎರಡೂ ಸತ್ಯ. ಯಾವುದರ ಮಾತು ನಡೆಯುತ್ತಿದೆ ಎಂದು ಹಿಡಿಯದಿದ್ದರೆ ತಪ್ಪು ತಿಳಿವಳಿಕೆ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ.

ವಿಡಿಯೊಗೆ ತಿರುಗಿ ಪ್ರಶ್ನೆ ಕೇಳಲಾಗದು. ಮುಂಬಯಿಯಲ್ಲಿದ್ದು ಆ ಕೊರತೆ ಯಾಕೆ? ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನವರು ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ ಭಾನುವಾರ ನಡೆಸುವ "ಚಾಯ್ ಅಂಡ್ ವೈ" ಕಾರ್ಯಕ್ರಮದಲ್ಲಿ ಯಾರು ಬೇಕಾದರೂ ಕೇಳಬಹುದು. ದಿನ ನೋಡಿಕೊಂಡು ಹೋಗಿ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಧನ್ಯವಾದ. ವಾಸ್ಕೊದವರು ಹೇಳಿದ ಪ್ರಯೋಗ ಮಾಡಿದೆ. ಬ್ಯಾಟರಿಯನ್ನು ನೇರ ಅಳೆದರೆ 9.1 ವೋಲ್ಟ್. ಕೆಪಾಸಿಟರ್ ಎರಡು ನಿಮಿಷ ಬಿಟ್ಟರೂ 8.25ಕ್ಕೇ ನಿಂತಿದೆ, ಮೇಲೇರುವುದಿಲ್ಲ. ಬೇರೆ ಕೆಪಾಸಿಟರ್ ಹಾಕಿದರೂ ಅಷ್ಟೇ. ಮೀಟರ್ ಹಳದಿ ಬಣ್ಣದ ಅಗ್ಗದ್ದು. ಕೆಪಾಸಿಟರಿನಲ್ಲಿ ಲೀಕೇಜ್ (ಒಳಗೇ ಕರೆಂಟ್ ಸೋರುವುದು) ಇರಬಹುದೇ?

ಪಾಷಾಣ್, ಪುಣೆ

ಕೆಪಾಸಿಟರ್ ಚೆನ್ನಾಗಿದೆ. ಬೋರ್ಡಿನ ಮೇಲೆ ಮೇಷ್ಟ್ರು ಬರೆಯದ ಒಂದು ರೆಸಿಸ್ಟರ್ ನಿಮ್ಮ ಸರ್ಕ್ಯೂಟಿನಲ್ಲಿದೆ: ಮೀಟರ್. ಆ ಬಗೆಯ ಅಗ್ಗದ ಮೀಟರುಗಳ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಮೆಗಾ ಓಮ್, ದುಬಾರಿಯವುಗಳಲ್ಲಿ 10. ಕೆಪಾಸಿಟರ್ ತುಂಬಿದ ಮೇಲೆ ಉಳಿಯುವುದು ಮೇಲೆ 100 ಕಿಲೋ ಓಮ್, ಕೆಳಗೆ 1000 ಕಿಲೋ ಓಮ್. ಮೊದಲ ದಿನದ ಅದೇ ಡಿವೈಡರ್. 9.1 ಗುಣಿಸು 1000, ಭಾಗಿಸು 1100: 8.27. ನಿಮ್ಮ 8.25ಕ್ಕೆ ತಾಳೆಯಾಯಿತು.

63 ಪ್ರತಿಶತವನ್ನೂ 8.27ರ ಮೇಲೆ ಲೆಕ್ಕ ಹಾಕಿ, 5.2 ವೋಲ್ಟ್. ಕಾಲವೂ 10 ಅಲ್ಲ, 9.1 ಸೆಕೆಂಡ್, ಏಕೆಂದರೆ ಕೆಪಾಸಿಟರಿಗೆ ಕಾಣುವುದು 100 ಮತ್ತು 1000ರ ಪ್ಯಾರಲಲ್, ಅಂದರೆ 90.9 ಕಿಲೋ ಓಮ್. ಖಾತ್ರಿ ಮಾಡಿಕೊಳ್ಳಲು 100 ಕಿಲೋ ಓಮ್ ತೆಗೆದು 10 ಕಿಲೋ ಓಮ್ ಹಾಕಿ ಕೊನೆಗೆ ನಿಲ್ಲುವ ವೋಲ್ಟೇಜ್ ಮಾತ್ರ ನೋಡಿ. ಎಷ್ಟು ಬರಬೇಕೆಂದು ಮೊದಲು ಕಾಗದದಲ್ಲಿ ಬರೆದು, ಆಮೇಲೆ ಪ್ರೋಬ್ ಇಡಿ.