ಹ್ಯಾಮ್ಲೆಟ್ ಮೊದಲ ದೃಶ್ಯ ಸಪ್ಪೆ ಆಗುತ್ತಿದೆ, ಕತ್ತರಿಸೋದಾ?

ಬಳ್ಳಾರಿ_ರಂಗ:
ನಮ್ಮ ಕಾಲೇಜು ತಂಡ ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ಮಾಡುತ್ತಿದೆ, ಕನ್ನಡದಲ್ಲಿ. ಕೋಟೆಯ ಮೇಲೆ ರಾತ್ರಿ ಕಾವಲಿನ ಮೊದಲ ದೃಶ್ಯ ರಿಹರ್ಸಲ್‌ನಲ್ಲಿ ಏರುತ್ತಲೇ ಇಲ್ಲ. ಗುಡುಗು, ನೀಲಿ ಲೈಟು, ಹೊಗೆ, ನಾಯಿ ಊಳಿಡೋ ಸದ್ದು ಎಲ್ಲ ಹಾಕಿ ನೋಡಿದೆವು, ನೋಡುತ್ತಾ ಕೂತವರು ನಗುತ್ತಾರೆ. ಹೇಗೂ ಹೀರೋನೇ ಇಲ್ಲ, ನೇರ ದರ್ಬಾರಿನಿಂದ ಶುರು ಮಾಡೋಣ ಅಂತಾರೆ ಕೆಲವರು. ಏನಂತೀರಿ?

ತೆರೆಮರೆ:
ಕತ್ತರಿಸಬೇಡಿ ಮಾರಾಯ್ರೆ. ಮೊದಲ ಮಾತು ಯಾರದು ಅಂತ ಗಮನಿಸಿದ್ದೀರಾ? "ಯಾರದು?" ಅಂತ ಕೂಗುವವನು ಬರ್ನಾರ್ಡೊ, ಅಂದರೆ ಪಾಳಿ ಬದಲಿಸೋಕೆ ಬರುತ್ತಿರುವವನು. ಕೇಳಬೇಕಾದವನು ಕಾವಲಿಗೆ ನಿಂತಿರುವ ಫ್ರಾನ್ಸಿಸ್ಕೊ ಅಲ್ವಾ? ಅವನು ಸಿಟ್ಟಿನಿಂದ ಮೊದಲು ನೀನು ಹೇಳು ಅನ್ನುತ್ತಾನೆ. ಚಳಿ ಕೊರೆಯುತ್ತಿದೆ, ಮನಸ್ಸೇ ಸರಿಯಿಲ್ಲ ಅಂತಾನೆ, ಯಾಕೆ ಅಂತ ಹೇಳದೆ ಹೊರಟುಹೋಗುತ್ತಾನೆ, ಮತ್ತೆ ನಾಟಕದಲ್ಲಿ ಬರುವುದೇ ಇಲ್ಲ. ಆಮೇಲೆ ಅಲ್ಲಿ ಬರೋದು ಸತ್ತ ರಾಜನ ಭೂತ, ಆದರೂ ಅದಕ್ಕೆ ಭೂತ ಅಂತ ಹೆಸರಿಡೋದಿಲ್ಲ, ಹೆಚ್ಚಾಗಿ "ಅದು" ಅಂತಲೇ. ನಿನ್ನೆ ರಾತ್ರಿ ಗಂಟೆ ಒಂದು ಹೊಡೆದಾಗ ಅಂತ ಬರ್ನಾರ್ಡೊ ಕಥೆ ಶುರು ಮಾಡುತ್ತಾನೆ, ವಾಕ್ಯ ಮುಗಿಯೋಕೆ ಮುಂಚೆ ಅದು ಬಂದು ನಿಂತಿರುತ್ತದೆ. 1599ರಲ್ಲಿ ಷೇಕ್ಸ್‌ಪಿಯರ್ ತಂಡ ಲಂಡನ್ನಿನಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರಕ್ಕೆ ಚಾವಣಿ ಇದ್ದದ್ದು ಸುತ್ತಲಿನ ಗ್ಯಾಲರಿಗೆ, ವೇದಿಕೆಗೆ ಮಾತ್ರ, ನಡುವಿನ ಅಂಗಳ ಬಯಲು, ಆಟ ನಡೆಯುತ್ತಿದ್ದದ್ದು ಮಧ್ಯಾಹ್ನದ ಬೆಳಕಲ್ಲಿ. ಕತ್ತಲನ್ನು ಮಾತಲ್ಲೇ ತರಬೇಕಿತ್ತು. ನಿಮ್ಮ ಹೊಗೆ ಆ ಮಾತನ್ನೇ ನುಂಗುತ್ತಿದೆ.

ಜೋಳದ_ಹೊಲ:
ನಮ್ಮ ಕಡೆ ದೊಡ್ಡಾಟದಲ್ಲಿ ಪಾತ್ರ ಬಂದ ಕೂಡಲೇ ಸಾರಥಿ ತಾವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುತ್ತಾನೆ, ಆ ರಾಜ ಮೀಸೆ ತಿರುವಿ ಊರು ಹೆಸರು ಪರಾಕ್ರಮ ಎಲ್ಲ ಒದರುತ್ತಾನೆ. ನಮ್ಮ ಜನಕ್ಕೆ ಆ ಪ್ರಶ್ನೆ ಅಂದರೆ ಸಡಗರ. ಇಲ್ಲಿ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊ ಭೂತಕ್ಕೆ ಯಾರು ನೀನು, ಮಾತಾಡು ಅಂತ ಮತ್ತೆ ಮತ್ತೆ ಬೇಡಿದರೂ ಅದು ತುಟಿ ಬಿಚ್ಚಲ್ಲ. ಆ ಸುಮ್ಮನಿರೋದನ್ನ ಎಳೀರಿ. ಮ್ಯೂಸಿಕ್ ಪೂರ್ತಿ ನಿಲ್ಲಿಸಿ.

ರಾತ್ರಿಪಾಳಿ:
ನಾನು ತೋರಣಗಲ್ಲು ಹತ್ತಿರ ಸೆಕ್ಯುರಿಟಿ ಕೆಲಸದವನು. ಪಾಳಿ ಬಿಡುವವನು ಬರುವವನ ಮುಖ ನೋಡೋದೇ ಇಲ್ಲ, ರಿಜಿಸ್ಟರ್ ಕೈಗೆ ತುರುಕಿ ಓಡುತ್ತಾನೆ. ನಿಮ್ಮ ಫ್ರಾನ್ಸಿಸ್ಕೊ ಹಾಗೆ ಓಡಲಿ, ಡೈಲಾಗ್ ಹೊಡೆಯೋದು ಬೇಡ. ಇನ್ನೊಂದು, ನಾರ್ವೆ ಜಗಳದ ಉದ್ದ ಭಾಷಣ ಅರ್ಧ ತೆಗೆದರೂ ನಡೆಯುತ್ತದೆ. ಆದರೆ ದಿನಾ ಫಿರಂಗಿ ಎರಕ ಹೊಯ್ಯುತ್ತಿದ್ದಾರೆ, ಹಡಗು ಕಟ್ಟುವವರಿಗೆ ಭಾನುವಾರವೂ ರಜೆ ಇಲ್ಲ, ಯಾಕೆ ಅಂತ ಇನ್ನೊಬ್ಬ ಕಾವಲಿನವ ಮಾರ್ಸೆಲಸ್ ಕೇಳುವ ಸಾಲು ಬಿಡಬೇಡಿ. ಊರಲ್ಲಿ ಏನೋ ನಡೀತಿದೆ, ಕಾವಲಿನವರಿಗೇ ಗೊತ್ತಿಲ್ಲ.

ತೆರೆಮರೆ:
ಒಪ್ಪಿದೆ. ಇಷ್ಟೆಲ್ಲ ಕಂಡ ಮೇಲೆ ದರ್ಬಾರಿಗೆ ಹೋದರೆ, ಸತ್ತ ರಾಜನ ಹೆಂಡತಿಯನ್ನು ಮದುವೆಯಾದ ಹೊಸ ರಾಜನ ನಗುಮುಖ ನೋಡಿದಾಗಲೇ ಅನುಮಾನ ಬರುತ್ತದೆ. ಮೊದಲ ದೃಶ್ಯ ತೆಗೆದರೆ ಅವನು ಸುಮ್ನೆ ಒಬ್ಬ ಮದುಮಗ.

ಬಳ್ಳಾರಿ_ರಂಗ:
ಸರಿ, ಹೊಗೆ ಮಷಿನ್ ವಾಪಸ್ ಕಳಿಸುತ್ತೇವೆ. ಭೂತ ಹೋಗುವಾಗ ಕೋಳಿ ಕೂಗಬೇಕಲ್ಲ, ಅದನ್ನು ರೆಕಾರ್ಡ್ ಹಾಕೋದಾ, ಪರದೆ ಹಿಂದೆ ಯಾರಾದರೂ ಕೂಗೋದಾ?