ನೀರಿನ ಲ್ಯಾಬಿಗೆ ತ್ಯಾಜ್ಯ ಪರೀಕ್ಷೆಯ ಮಾನ್ಯತೆ ಬೇಕಾಗಿದೆ, ಪಟ್ಟ ಪಾಡು ಹೇಳಿ

ಆರನೇ ಬೆಂಚು:
ನಮ್ಮದು ಐದು ಜನರ ಪ್ರಯೋಗಾಲಯ. ನೀರು ಮತ್ತು ಮಣ್ಣಿನ ಪರೀಕ್ಷೆಗೆ ಐಎಸ್‌ಒ 17025 (ಪ್ರಯೋಗಾಲಯಗಳ ಸಾಮರ್ಥ್ಯದ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆ. ಈಗ ಅಪಾಯಕಾರಿ ತ್ಯಾಜ್ಯವನ್ನೂ ಘನತ್ಯಾಜ್ಯವನ್ನೂ ಸೇರಿಸಬೇಕೆಂದು ಮಾಲೀಕರು ಪಟ್ಟು ಹಿಡಿದಿದ್ದಾರೆ. ಲೋಹಗಳನ್ನು ಅಳೆಯುವ ಐಸಿಪಿ ಯಂತ್ರ ಇದೆ, ಟಿಸಿಎಲ್‌ಪಿಯ (ತ್ಯಾಜ್ಯದಿಂದ ವಿಷಾಂಶ ಎಷ್ಟು ಸೋರಿ ಬರುತ್ತದೆಂದು ನೋಡುವ ಪರೀಕ್ಷೆಯ) ತಿರುಗಣೆ, ಅಂದರೆ ಮಾದರಿಯ ಬಾಟಲಿಗಳನ್ನು ತಿರುಗಿಸುವ ಯಂತ್ರ, ಇನ್ನೂ ಬಂದಿಲ್ಲ. ಮೊದಲು ಲೋಹಗಳಿಗಷ್ಟೇ ಅರ್ಜಿ ಹಾಕಲೇ, ಆವಿಯಾಗುವ ಸಾವಯವಗಳನ್ನೂ ಸೇರಿಸಿ ಒಂದೇ ಸಲ ಹಾಕಲೇ? ನೀರಿಗೆಂದು ಮಾಡಿದ ವಿಧಾನ ದೃಢೀಕರಣದ ಕಡತವನ್ನೇ ತೋರಿಸಿದರೆ ನಡೆಯುತ್ತದೆಯೇ?

ಬೂದಿ ಜರಡಿ:
ಒಂದೇ ಸಲ ಹಾಕಿದವನು ನಾನು. ಲೋಹ, ಸಾವಯವ, ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವ ಉಷ್ಣತೆ), ಪಿಎಚ್, ಸಯನೈಡ್ ಎಲ್ಲ ಸೇರಿ 41 ಅಂಶಗಳು. ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳನ್ನು ತಿರುಗಣೆಯೊಂದೇ ನುಂಗಿತು.

ಟಿಸಿಎಲ್‌ಪಿಯ ಲಿಖಿತ ವಿಧಾನವಾದ 1311 ಕೇಳುವುದು ನಿಮಿಷಕ್ಕೆ 30 ಸುತ್ತು, ಎರಡು ಸುತ್ತು ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ. ನಮ್ಮ ಯಂತ್ರ ಖಾಲಿ ತಿರುಗುವಾಗ ಕರಾರುವಾಕ್ಕಾಗಿ 30. ಕ್ಯಾಲಿಬ್ರೇಷನ್‌ಗೆ ಬಂದವರೂ ಖಾಲಿ ಯಂತ್ರವನ್ನೇ ಅಳೆದು ಪ್ರಮಾಣಪತ್ರ ಕೊಟ್ಟು ಹೋಗಿದ್ದರು. ಮೌಲ್ಯಮಾಪಕರು ಬಂದ ದಿನ ಆರು ಬಾಟಲಿ ಏರಿಸಿದ್ದೆವು. ಒಂದೊಂದರಲ್ಲೂ ನೂರು ಗ್ರಾಂ ಬೂದಿ, ಅದರ ಇಪ್ಪತ್ತು ಪಟ್ಟು ತೂಕದ ದ್ರಾವಣ. ಅವರು ಏನನ್ನೂ ಕೇಳಲಿಲ್ಲ. ಒಂದು ಬಾಟಲಿಯ ಮುಚ್ಚಳಕ್ಕೆ ಬಿಳಿ ಟೇಪಿನ ತುಂಡು ಅಂಟಿಸಿ, ಕೈಗಡಿಯಾರ ನೋಡುತ್ತಾ ತುಟಿ ಅಲುಗಿಸಿ ಎಣಿಸಿದರು. ಇಪ್ಪತ್ತೇಳು. ಮತ್ತೊಮ್ಮೆ ಎಣಿಸಿದರು. ಇಪ್ಪತ್ತೇಳೇ. ಮೂರು ತಿಂಗಳ ದೃಢೀಕರಣ ದತ್ತಾಂಶವೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತು.

ಮೋಟಾರು ಬದಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. 18 ಗಂಟೆ ತಿರುಗಿಸಬೇಕು, ಎರಡು ಗಂಟೆ ಆಚೀಚೆ ಇರಬಹುದು. ಸಂಜೆ ನಾಲ್ಕಕ್ಕೆ ಹಾಕಿದ್ದು ಮರುದಿನ ಹನ್ನೆರಡು ದಾಟಿದರೆ ಕೆಟ್ಟಿತು. ಒಂದು ರಾತ್ರಿ ವಿದ್ಯುತ್ ಹೋಗಿ ಬಂದಿತ್ತು. ಯಂತ್ರ ಎಷ್ಟು ಹೊತ್ತು ನಿಂತಿತ್ತೆಂದು ಹೇಳುವವರಿಲ್ಲ. ಆರೂ ಬಾಟಲಿ ಚೆಲ್ಲಿದೆವು.

ಸಾವಯವಗಳ ಝಡ್‌ಎಚ್‌ಇ ಪಾತ್ರೆಯ (ಆವಿ ತಪ್ಪಿಸಿಕೊಳ್ಳದಂತೆ ಒಳಗೆ ಖಾಲಿ ಜಾಗವಿಲ್ಲದೆ ಮುಚ್ಚುವ ಪಾತ್ರೆ) ಕಥೆ ಬೇರೆ. ತಿರುಗಿಸಿ ಮುಗಿದ ಮೇಲೆ ಅನಿಲದ ಕವಾಟವನ್ನು ಒಂದು ಕ್ಷಣ ತೆರೆದು ಮುಚ್ಚಿದರೆ ಪುಸ್ ಎನ್ನಬೇಕು. ಎನ್ನದಿದ್ದರೆ ಪಾತ್ರೆ ಸೋರಿದೆ ಎಂದರ್ಥ. ಒ-ರಿಂಗ್ ಬದಲಿಸಿ ಹೊಸ ಮಾದರಿ ಹಾಕಬೇಕು. ನಮ್ಮದು ಹನ್ನೊಂದು ಸಲ ಮೌನವ್ರತ ಹಿಡಿಯಿತು. ಮಾದರಿ ತೆಗೆದ 14 ದಿನಗಳೊಳಗೆ ಈ ಹಂತ ಮುಗಿಯಬೇಕಾದ್ದರಿಂದ ಶೀತಕದಲ್ಲಿಟ್ಟ ಮಾದರಿಗಳೂ ಅವಧಿ ಮೀರಿದವು. ಹೀಗಿದ್ದರೂ ಒಂದೇ ಸಲ ಹಾಕಿದ್ದೇ ಸರಿ ಎನ್ನುತ್ತೇನೆ. ಎರಡು ಸಲ ಈ ಪರೀಕ್ಷೆಗೆ ಕೂರುವ ಶಕ್ತಿ ನನಗಂತೂ ಇರಲಿಲ್ಲ.

ಎರಡನೇ ಸಹಿ:
ಹದಿನಾಲ್ಕು ತಿಂಗಳನ್ನು ಪದಕದಂತೆ ತೋರಿಸುತ್ತಿದ್ದೀರಲ್ಲ ಸರ್! ನಾವು ಎಂಟು ಲೋಹಗಳಿಗಷ್ಟೇ ಹಾಕಿದೆವು: ಆರ್ಸೆನಿಕ್, ಬೇರಿಯಂ, ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ, ಸೆಲೆನಿಯಂ, ಬೆಳ್ಳಿ. ಆರು ತಿಂಗಳಲ್ಲಿ ಏಳಕ್ಕೆ ಮಾನ್ಯತೆ ಬಂತು.

ಎಂಟನೆಯದಾದ ಬೆಳ್ಳಿ ನನ್ನ ನಿದ್ದೆಗೆಡಿಸಿತು. ಒಂದೇ ಮಾದರಿಯನ್ನು ಹಲವು ಲ್ಯಾಬುಗಳಿಗೆ ಕೊಟ್ಟು ಹೋಲಿಸುವ ಪ್ರಾವೀಣ್ಯ ಪರೀಕ್ಷೆಯಲ್ಲಿ ಝಡ್ ಅಂಕ (ನಮ್ಮ ಉತ್ತರ ಒಪ್ಪಿತ ಮೌಲ್ಯದಿಂದ ಎಷ್ಟು ದೂರವಿದೆ ಎಂಬುದು) ಮೈನಸ್ 3.4. ಎರಡರೊಳಗಿದ್ದರೆ ತೃಪ್ತಿಕರ, ಮೂರು ದಾಟಿದರೆ ಮುಗಿಯಿತು. ಉಳಿದ ಏಳೂ ಒಂದರೊಳಗೆ ಚೆನ್ನಾಗಿ ಕೂತಿದ್ದವು, ಇದೊಂದೇ ಮುಳುಗಿತು. ಮೂಲ ಕಾರಣದ ಕಾಲಂನಲ್ಲಿ ನಮ್ಮ ಹುಡುಗ "ಸಿಬ್ಬಂದಿಯ ಅಜಾಗರೂಕತೆ, ತರಬೇತಿ ನೀಡಲಾಯಿತು" ಎಂದು ಬರೆದ. ವಾಪಸ್ ಬಂತು. "ಉಪಕರಣದ ಏರುಪೇರು" ಎಂದು ಬರೆದೆವು. ಅದೂ ವಾಪಸ್. ಕೊನೆಗೆ ಒಂದು ಭಾನುವಾರ ನಾನೇ ಕುಳಿತು ಜೀರ್ಣಿಸಿದ (ಆಮ್ಲದಲ್ಲಿ ಕರಗಿಸಿದ) ಮಾದರಿಯ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಉಗುರಿನ ಬಿಳಿಯಷ್ಟು ತೆಳುವಾದ ಗಸಿ. ನೀರಿನ ಮಾದರಿಗೆ ಹಾಕುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಇದಕ್ಕೂ ಹಾಕಿದ್ದರು, ಬೆಳ್ಳಿ ಕ್ಲೋರೈಡಾಗಿ ತಳ ಸೇರಿತ್ತು. ಹುಡುಗನ ತಪ್ಪೇನೂ ಇರಲಿಲ್ಲ. ನೀರಿನ ಕಾರ್ಯವಿಧಾನವನ್ನು ನಕಲು ಮಾಡಿ ತಲೆಬರಹ ಬದಲಿಸಿ ಸಹಿ ಹಾಕಿದವಳು ನಾನು.

ಆದ್ದರಿಂದ ಆರನೇ ಬೆಂಚಿನವರೇ, ನೀರಿನ ಕಡತ ನಡೆಯುವುದಿಲ್ಲ. ಪ್ರತಿಯೊಂದು ಬಗೆಯ ತ್ಯಾಜ್ಯಕ್ಕೂ ಸ್ಪೈಕ್ ಹಾಕಿ, ಅಂದರೆ ಗೊತ್ತಿರುವ ಪ್ರಮಾಣದ ಅಂಶವನ್ನು ಸೇರಿಸಿ, ಎಷ್ಟು ಮರಳಿ ಸಿಕ್ಕಿತೆಂದು ತೋರಿಸಬೇಕು.

ಬೂದಿ ಜರಡಿ:
ಮೇಡಂ, ಬೆಳ್ಳಿ ಇಲ್ಲದ ವರದಿಯನ್ನು ಯಾವ ಗ್ರಾಹಕ ಒಪ್ಪಿದ? ಅರ್ಧ ಮಾನ್ಯತೆ ಎಂದರೆ ವರದಿಯ ತುಂಬ ನಕ್ಷತ್ರ ಚಿಹ್ನೆ, ಕೆಳಗೆ "ಇದು ಮಾನ್ಯತೆಯ ವ್ಯಾಪ್ತಿಯಲ್ಲಿಲ್ಲ" ಎಂಬ ಸಾಲು.

ಎರಡನೇ ಸಹಿ:
ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳುಹಿಸಿದೆವು. ಗ್ರಾಹಕರ ಒಪ್ಪಿಗೆ ಮೊದಲೇ ಪಡೆದಿದ್ದೆವು, ಯಾವ ಅಂಕಿ ಹೊರಗಿನದೆಂದು ವರದಿಯಲ್ಲಿ ನಮೂದಿಸಿದೆವು. ನಿಯಮವೇ ಹಾಗಿದೆ, ಓದಿ ನೋಡಿ. ಖಾಲಿ ಯಂತ್ರಕ್ಕೆ ಪ್ರಮಾಣಪತ್ರ ಪಡೆದವರು ನಕ್ಷತ್ರಗಳನ್ನು ಎಣಿಸಬೇಕಾಗಿಲ್ಲ.

ಕೆಂಪು ಚೀಲ:
ಇಷ್ಟೆಲ್ಲ ರಾಮಾಯಣ ಏಕೆ? ನಮಗೆ ಐಎಸ್‌ಒ 9001 ಇದೆ. ನಾಲ್ಕು ವರ್ಷಗಳಿಂದ ಕೆಸರು, ಬೂದಿ, ಹಳೆಯ ಎಣ್ಣೆ ಎಲ್ಲವನ್ನೂ ಪರೀಕ್ಷಿಸುತ್ತಿದ್ದೇವೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪತ್ರ ನೋಡಿ ಯಾರೂ ತಕರಾರು ತೆಗೆದಿಲ್ಲ.

ಹಳೆಯ ತಕ್ಕಡಿ:
ಸ್ವಾಮಿ, 9001 ಹೇಳುವುದು ನಿಮ್ಮ ಕಚೇರಿ ನಡೆಯುವ ರೀತಿಯನ್ನು. ನಿಮ್ಮ ಸೀಸದ ಅಂಕಿ ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ. ಅದು ಪ್ರಮಾಣೀಕರಣ, 17025 ಮಾನ್ಯತೆ. ಮಾನ್ಯತೆ ಇಡೀ ಲ್ಯಾಬಿಗೆ ಸಿಗುವ ಬಿರುದಲ್ಲ. ಯಾವ ವಸ್ತು, ಯಾವ ಅಂಶ, ಯಾವ ವಿಧಾನ ಎಂದು ಸಾಲುಸಾಲಾಗಿ ಬರೆದ ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದು ನಿಮಗೆ ಇಲ್ಲ.

ಕೆಂಪು ಚೀಲ:
ಪಾಠ ಬೇಡ. ಹೋದ ತಿಂಗಳು ಎರಡು ವರದಿ ಹಿಂದಿರುಗಿದವು ನಿಜ. ಹಾಗೆಂದು ನಮ್ಮ ಕೆಲಸ ಕಳಪೆಯಾಗುವುದಿಲ್ಲ.

ಬೂದಿ ಜರಡಿ:
ಯಾರೂ ತಕರಾರು ತೆಗೆದಿಲ್ಲ ಎಂದಿದ್ದಿರಿ?

ಹಳೆಯ ತಕ್ಕಡಿ:
ಬಿಡಿ, ಅವರ ಗಾಯಕ್ಕೆ ಉಪ್ಪು ಹಾಕುವುದು ಬೇಡ. ನಾನೂ ಏಟು ತಿಂದವನೇ. ಅಮೆರಿಕದ ಟಿಸಿಎಲ್‌ಪಿ ಪಟ್ಟಿಯಲ್ಲಿ ಸೀಸದ ಮಿತಿ ಲೀಟರಿಗೆ 5.0 ಮಿಲಿಗ್ರಾಂ. ನಮ್ಮ ಗ್ರಾಹಕರು ಆ ಮಿತಿಗೆ ಹೋಲಿಸಿ ತೀರ್ಪು ಕೊಡಿ ಎಂದರು. ನಮಗೆ ಸಿಕ್ಕಿದ್ದು 4.8, ಅನಿಶ್ಚಿತತೆ 0.5, ಅಂದರೆ ನಿಜವಾದ ಅಂಕಿ ಅಷ್ಟು ಆಚೀಚೆ ಇರಬಹುದು. "ಮಿತಿಯೊಳಗಿದೆ" ಎಂದು ಬರೆದು ಕಳುಹಿಸಿದೆ. ಅವರು ಅದನ್ನು ನಂಬಿ ಸಾಮಾನ್ಯ ಭರ್ತಿಜಾಗಕ್ಕೆ ಸಾಗಿಸಿದರು. ಅಲ್ಲಿಯವರು ಮತ್ತೆ ಪರೀಕ್ಷೆ ಮಾಡಿಸಿದಾಗ 5.2. ಎರಡು ಲ್ಯಾಬಿನ ಅಂಕಿಯೂ ಸುಳ್ಳಲ್ಲ, ಆದರೆ ಗಡಿಯಲ್ಲಿರುವುದಕ್ಕೆ ತೀರ್ಪು ಕೊಡುವ ನಿಯಮ ಯಾವುದೆಂದು ಗ್ರಾಹಕರ ಜೊತೆ ಮೊದಲೇ ಮಾತಾಡಿ ಬರೆದುಕೊಂಡಿರಲಿಲ್ಲ. 17025ರ 2017ರ ಆವೃತ್ತಿ ಇದನ್ನು ಬಿಡಿಸಿ ಹೇಳುತ್ತದೆ. ನಾನು 2005ರ ಗುಂಗಿನಲ್ಲೇ ಇದ್ದೆ. ಮಾನ್ಯತೆ ಉಳಿಯಿತು, ಗ್ರಾಹಕರು ಹೋದರು.

ಇನ್ನೊಂದು ಮಾತು. ಮಾದರಿ ಸಂಗ್ರಹವನ್ನೂ ವ್ಯಾಪ್ತಿಗೆ ಸೇರಿಸಿ. ಬೂದಿ ರಾಶಿಯ ಬುಡದಲ್ಲಿ ಒಂದು ಸಲಿಕೆ ತೆಗೆದುಕೊಂಡು ಬಂದರೆ ಆಮೇಲೆ ಐಸಿಪಿ ಎಷ್ಟು ದಶಮಾಂಶ ತೋರಿಸಿದರೇನು?

ಎರಡನೇ ಸಹಿ:
ಐದು ಜನರ ಲ್ಯಾಬಿಗೆ ಇದು ಒಳ್ಳೆಯ ಸಲಹೆಯಲ್ಲ. ನಾವು "ಬಂದ ಸ್ಥಿತಿಯಲ್ಲಿರುವ ಮಾದರಿಗೆ ಮಾತ್ರ ಅನ್ವಯ" ಎಂದು ಬರೆಯುತ್ತೇವೆ. ಅದಕ್ಕೆ ನಿಯಮದಲ್ಲೇ ಅವಕಾಶವಿದೆ.

ಹಳೆಯ ತಕ್ಕಡಿ:
ಅವಕಾಶವಿದೆ, ಇಲ್ಲವೆಂದವರು ಯಾರು? ಅದು ಕೈತೊಳೆದುಕೊಳ್ಳುವ ಸಾಲು ಎಂದಷ್ಟೇ ನನ್ನ ಮಾತು.

ಎರಡನೇ ಸಹಿ:
ಕೈ ತೊಳೆದುಕೊಳ್ಳದೆ ಲ್ಯಾಬಿನಲ್ಲಿ ಕೆಲಸ ಮಾಡುವ ಅಭ್ಯಾಸ ನನಗಿಲ್ಲ.

ಗಾಜಿನ ಬುರುಡೆ:
ಜಗಳದ ಮಧ್ಯೆ ನನ್ನದೂ ಒಂದಿರಲಿ. ನಾವು ಸಲಹೆಗಾರರನ್ನು ಹಿಡಿದೆವು. 180 ಪುಟಗಳ ಗುಣಮಟ್ಟ ಕೈಪಿಡಿ ಕೊಟ್ಟರು. ಮಾಲೀಕರು ಅದರ ದಪ್ಪ ನೋಡಿಯೇ ಸಂತೋಷಪಟ್ಟರು. ಪರಿಶೀಲನೆಯ ದಿನ 63ನೆಯ ಪುಟದಲ್ಲಿ ಬೇರೆ ಯಾವುದೋ ಲ್ಯಾಬಿನ ಹೆಸರು ಸಿಕ್ಕಿತು, ಅದೂ ಹಾಲು ಪರೀಕ್ಷಿಸುವ ಲ್ಯಾಬು. ನಮ್ಮ ಕೆಸರಿಗೆ ಕೊಬ್ಬಿನಂಶ ಅಳೆಯುವ ಜವಾಬ್ದಾರಿ ಯಾರದೆಂದು ಅದರಲ್ಲಿ ವಿವರವಾಗಿ ಬರೆದಿತ್ತು.

ಬೂದಿ ಜರಡಿ:
2017ರ ಆವೃತ್ತಿಯಲ್ಲಿ ಕೈಪಿಡಿ ಎಂಬುದೊಂದು ಇರಲೇಬೇಕೆಂಬ ಕಟ್ಟಳೆಯೇ ಇಲ್ಲ. ಸಲಹೆಗಾರರಿಗೆ ಕೊಟ್ಟಿದ್ದನ್ನು ಒಬ್ಬ ರಸಾಯನಶಾಸ್ತ್ರಜ್ಞನ ಸಂಬಳಕ್ಕೆ ಹಾಕಬಹುದಿತ್ತು.

ಗಾಜಿನ ಬುರುಡೆ:
ಈಗ ಎಲ್ಲರೂ ಹೇಳುತ್ತಾರೆ. ಆಗ ನಮ್ಮಲ್ಲಿ ಇದ್ದವರು ಮೂರೇ ಜನ. ಪತ್ತೆಮಿತಿಗೆ (ಯಂತ್ರ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕೆ) ಒಂದೊಂದು ಅಂಶಕ್ಕೂ ಏಳು ಸಲ ಓಡಿಸಿ, ಸಿಕ್ಕ ಪ್ರಮಾಣಿತ ವಿಚಲನೆಯನ್ನು 3.143ರಿಂದ ಗುಣಿಸುತ್ತಾ ಕೂತವರು ಕೈಪಿಡಿ ಬೇರೆ ಬರೆಯಬೇಕಿತ್ತೇ? ಐಸಿಪಿಗೆಂದೇ ಒಂದು ವಾರಕ್ಕೆ ಎರಡು ಆರ್ಗಾನ್ ಸಿಲಿಂಡರ್ ಖಾಲಿಯಾಗುತ್ತಿತ್ತು.

ಕೆಂಪು ಚೀಲ:
ಒಂದು ಸಣ್ಣ ಪ್ರಶ್ನೆ. ಪೇಂಟ್ ಫಿಲ್ಟರ್ ಪರೀಕ್ಷೆಗೂ ಮಾನ್ಯತೆ ಬೇಕೇ? ಕೆಸರನ್ನು ಜಾಲರಿಯ ಶಂಕುವಿಗೆ ಹಾಕಿ ಐದು ನಿಮಿಷದಲ್ಲಿ ಹನಿ ಬೀಳುತ್ತದೆಯೋ ಇಲ್ಲವೋ ಎಂದು ನೋಡುವುದಷ್ಟೇ ತಾನೇ?

ಹಳೆಯ ತಕ್ಕಡಿ:
ವರದಿಯಲ್ಲಿ ಮಾನ್ಯತೆಯ ಚಿಹ್ನೆಯ ಕೆಳಗೆ ಬರೆಯುವುದಾದರೆ ಬೇಕು. ಆ ಐದು ನಿಮಿಷ ತೋರಿಸುವ ಗಡಿಯಾರಕ್ಕೂ ಕ್ಯಾಲಿಬ್ರೇಷನ್ ಕೇಳುತ್ತಾರೆ. 9001 ಬಿಟ್ಟು ಈ ಕಡೆ ಬರುವ ಯೋಚನೆ ಇದೆ ಎಂದಾಯಿತು.

ಕೆಂಪು ಚೀಲ:
ಹಾಗೆಂದು ನಾನು ಹೇಳಲಿಲ್ಲ.

ಆರನೇ ಬೆಂಚು:
ಎಲ್ಲರಿಗೂ ಧನ್ಯವಾದ. ಮಾಲೀಕರಿಗೆ ಓದಿ ಹೇಳಿದೆ. ತಿರುಗಣೆಯ ಕಥೆ ಕೇಳಿ ಲೋಹಗಳಷ್ಟೇ ಸಾಕು ಎಂದರು, ಬೆಳ್ಳಿಯ ಕಥೆ ಬಂದಾಗ ಎದ್ದು ಹೋದರು. ಬೂದಿ ಜರಡಿ ಸರ್, ನಿಮ್ಮ ಹಳೆಯ ತಿರುಗಣೆ ಇನ್ನೂ ಇದೆಯೇ? ಎರಡೇ ಬಾಟಲಿ ಹಾಕಿದರೆ ಎಷ್ಟು ಸುತ್ತು ಬರುತ್ತದೆ?

ಬೂದಿ ಜರಡಿ:
ಮೋಟಾರು ಬದಲಿಸಿದ್ದು ಅದಕ್ಕೇ. ಈಗ ಆರು ಬಾಟಲಿಗೂ 30 ಬರುತ್ತದೆ, ಕೊಡುವುದಿಲ್ಲ. ಝಡ್‌ಎಚ್‌ಇ ಪಾತ್ರೆ ಬೇಕಾದರೆ ಒಂದು ಹೆಚ್ಚಿಗೆ ಇದೆ.

ಎರಡನೇ ಸಹಿ:
50 ಪಿಎಸ್‌ಐ ಒತ್ತಡ ತುಂಬಿಸಿ ಒಂದು ಗಂಟೆ ಬಿಟ್ಟು ನೋಡಿದ ದಾಖಲೆ ಕೇಳಿ ತೆಗೆದುಕೊಳ್ಳಿ. ಮೌನವ್ರತದ ಪಾತ್ರೆ ಅದೇ ಇರಬಹುದು.