ಪನೀರ್ ಘಟಕದ ಲೋಳೆಗೆ ಪ್ರೊಬಯಾಟಿಕ್ ಕ್ಲೀನರ್ ನಡೆಯುತ್ತಾ?

ಪಟ್ಟಣದ ಹಾಲಿನವ:
ಚನ್ನರಾಯಪಟ್ಟಣದ ಹತ್ತಿರ ನಮ್ಮದು ಸಣ್ಣ ಪನೀರ್ ಘಟಕ. ಪೈಪ್ ಜಾಯಿಂಟು, ಗ್ಯಾಸ್ಕೆಟ್ ಸಂದಿಯಲ್ಲಿ ಎಷ್ಟು ತೊಳೆದರೂ ಲೋಳೆ ಕಟ್ಟುತ್ತದೆ. ಬ್ಲೀಚಿಂಗ್ ನೀರು ಬಿಟ್ಟರೂ ಲ್ಯಾಬ್ ರಿಪೋರ್ಟಿನಲ್ಲಿ ಕೋಲಿಫಾರ್ಮ್ (ಕೊಳಕು ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಜಾಸ್ತಿ ಅಂತಲೇ ಬರುತ್ತದೆ. ಈಗೊಬ್ಬರು ಪ್ರೊಬಯಾಟಿಕ್ ಕ್ಲೀನರ್ ಮಾರಲು ಬಂದಿದ್ದಾರೆ. ಒಳ್ಳೆ ಬ್ಯಾಕ್ಟೀರಿಯಾ ಕೆಟ್ಟದ್ದನ್ನು ತಿಂದುಹಾಕುತ್ತವಂತೆ, ಕಾಸ್ಟಿಕ್ ಸೋಡಾ ಬೇಡವೇ ಬೇಡವಂತೆ. ನಿಜವಾ? ಹಾಗಿದ್ದರೆ ಹುಳಿ ಮಜ್ಜಿಗೆ ಸುರಿದರೆ ಸಾಕಲ್ವಾ?

ಡೈರಿ ಲ್ಯಾಬ್:
ತಿನ್ನೋದೆಲ್ಲ ಸುಮ್ನೆ ಮಾತು ಸರ್. ಮಜ್ಜಿಗೆಯಲ್ಲಿರುವಂಥ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಬಿಟ್ಟು ಸುತ್ತಲೂ ಹುಳಿ ಮಾಡುತ್ತವೆ, ಜಾಗ ಮತ್ತು ಆಹಾರ ಹಿಡಿದುಕೊಂಡು ಬೇರೆಯವಕ್ಕೆ ಬಿಡುವುದಿಲ್ಲ, ಕೆಲವು ಬ್ಯಾಕ್ಟೀರಿಯೋಸಿನ್ ಅನ್ನುವ ಪ್ರೋಟೀನನ್ನೂ ಬಿಡುತ್ತವೆ. ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಅನ್ನುವ ಬ್ಯಾಕ್ಟೀರಿಯಾ ಕೊಡುವ ನೈಸಿನ್ ಅಂಥದ್ದೇ, ಆಹಾರದ ಲೇಬಲ್ ಮೇಲೆ ಇ234 ಅಂತ ಇರುತ್ತದೆ. ಅದು ಲಿಸ್ಟೀರಿಯಾ ಅನ್ನುವ ರೋಗಾಣುವಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೋಲಿಫಾರ್ಮ್, ಸಾಲ್ಮೊನೆಲ್ಲಾಗೆ ಹೊರಗೆ ಇನ್ನೊಂದು ಪೊರೆ ಇದೆ, ಬರೀ ನೈಸಿನ್ ಅದನ್ನು ದಾಟುವುದು ಕಷ್ಟ. ನಿಮ್ಮ ತೊಂದರೆ ಕೋಲಿಫಾರ್ಮಿನದೇ ಅಲ್ವಾ!

ಇನ್ನು ಆ ಲೋಳೆಯೇ ಬಯೋಫಿಲ್ಮ್. ಬ್ಯಾಕ್ಟೀರಿಯಾ ತಾವೇ ಅಂಟು ಬಿಟ್ಟು ಅದರೊಳಗೆ ಕೂತಿರುತ್ತವೆ. ಮೇಲಿನ ಜಿಡ್ಡು, ಹಾಲಿನ ಪ್ರೋಟೀನು ಕ್ಲೋರಿನ್ನನ್ನು ಮೊದಲೇ ಮುಗಿಸಿಬಿಡುತ್ತವೆ. ಒಳಗೆ ತಲುಪಬೇಕಲ್ಲ.

ಸಕಲೇಶಪುರ ಮೇಡಂ:
ಅಮೆರಿಕದಲ್ಲಿ ಕೋಳಿ ಮಾಂಸದ ಘಟಕದ ನೆಲದ ಮೋರಿಗೆ ಇಂಥ ಬ್ಯಾಕ್ಟೀರಿಯಾ ಹಾಕಿ ಲಿಸ್ಟೀರಿಯಾ ಕಡಿಮೆ ಮಾಡಿದ್ದಾರೆ. ಗಮನಿಸಿ, ಮೋರಿಗೆ! ಹಾಲು ಹರಿಯುವ ಪೈಪಿಗೆ ಮಜ್ಜಿಗೆ ಬಿಟ್ಟರೆ ನಾಳೆ ಹಾಲೇ ಹುಳಿಯಾಗುತ್ತದೆ, ಅಲ್ಲೇ ಹೊಸ ಲೋಳೆಯೂ ಕಟ್ಟುತ್ತದೆ.

ಜಾಯಿಂಟ್ ಬಿಚ್ಚಿ, ಸೀಳಿದ ಗ್ಯಾಸ್ಕೆಟ್ ಬಿಸಾಡಿ, ಬ್ರಷ್ ಹಾಕಿ ಉಜ್ಜಿ. ಆಮೇಲೆ 1ರಿಂದ 1.5% ಕಾಸ್ಟಿಕ್, 70ರಿಂದ 75 ಡಿಗ್ರಿ ಬಿಸಿಯಲ್ಲಿ. ನೀರಿನಲ್ಲಿ ತೊಳೆದು, ಬಿಳಿ ಪೊರೆ ಗಟ್ಟಿಯಾಗಿದ್ದರೆ ಆಸಿಡ್, ಮತ್ತೆ ನೀರು, ಬ್ಲೀಚಿಂಗ್ ಕೊನೆಗೆ. ಆಸಿಡ್ಡನ್ನೂ ಬ್ಲೀಚಿಂಗನ್ನೂ ಒಟ್ಟಿಗೆ ಸೇರಿಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಕೈಗವಸು ಹಾಕಿಕೊಳ್ಳಿ.

ಡೈರಿ ಲ್ಯಾಬ್:
ಇನ್ನೊಂದು. 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಸರಿಯಾಗಿ ಆದರೆ ಕೋಲಿಫಾರ್ಮ್ ಉಳಿಯುವುದಿಲ್ಲ. ಪನೀರಿನಲ್ಲಿ ಸಿಕ್ಕಿದೆ ಅಂದರೆ ಹೆಚ್ಚಾಗಿ ಆಮೇಲೆ ಸೇರಿದ್ದು. ಸೋಸುವ ಬಟ್ಟೆ, ಕೈ, ಪನೀರ್ ಮುಳುಗಿಸಿ ತಣ್ಣಗೆ ಮಾಡುವ ನೀರು... ಆ ನೀರು ಎಲ್ಲಿಂದ ಬರುತ್ತದೆ ನಿಮ್ಮಲ್ಲಿ?

ಪಟ್ಟಣದ ಹಾಲಿನವ:
ಬೋರ್‌ವೆಲ್ ನೀರು ಸರ್, ಟ್ಯಾಂಕಿಗೆ ತುಂಬಿಸಿ ಬಿಡುತ್ತೇವೆ. ಬಟ್ಟೆಯನ್ನು ದಿನಾ ಕುದಿಸುತ್ತೇವೆ, ನೀರನ್ನು ಮಾತ್ರ ಯಾವತ್ತೂ ಟೆಸ್ಟಿಗೆ ಕೊಟ್ಟಿಲ್ಲ. ನಾಳೆ ಟ್ಯಾಂಕಿಂದ ಒಂದು, ನೇರ ಬೋರಿನಿಂದ ಒಂದು ಸ್ಯಾಂಪಲ್ ಕಳಿಸುತ್ತೇನೆ. ಕ್ಲೀನರ್ ಮಾರುವವರಿಗೆ ಸದ್ಯಕ್ಕೆ ಬೇಡ ಅಂದಿದ್ದೇನೆ.